ಯಾವ ದೇಶದ ತಂಡ ಬಲಿಷ್ಠ? ಮೊದಲು ಎಡಬದಿಯ ಡಿಫೆಂಡರ್ ಯಾರೆಂದು ನೋಡಿ

2018ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ಗೆ ಮುನ್ನ ಎರಡೂ ತಂಡಗಳ ಹೆಸರುಗಳನ್ನು ಅಕ್ಕಪಕ್ಕ ಬರೆದು ತೂಗಿದವರು, ಮುಂಪಡೆಯ ಸಾಲಿಗೆ ಬಂದಾಗ ಹಿಂದೆಮುಂದೆ ನೋಡದೆ ಕ್ರೊವೇಷ್ಯಾಕ್ಕೆ ಅಂಕ ಕೊಟ್ಟಿರುತ್ತಾರೆ. ಆ ಕಡೆ ಮಾರಿಯೊ ಮಾಂಜುಕಿಚ್, ಸೆಮಿಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಇಂಗ್ಲೆಂಡನ್ನು ಮನೆಗೆ ಕಳುಹಿಸಿದ ಗೋಲಿನ ಒಡೆಯ. ಈ ಕಡೆ ಫ್ರಾನ್ಸ್‌ನ ಒಲಿವಿಯೆ ಜಿರೂ, ಆರು ಪಂದ್ಯ ಆಡಿ ಒಂದೂ ಗೋಲು ಹೊಡೆಯದವರು. ಫೈನಲ್‌ನಲ್ಲಿಯೂ ಜಿರೂ ಖಾತೆ ತೆರೆಯಲಿಲ್ಲ. ಮಾಂಜುಕಿಚ್ ಮಾತ್ರ ಎರಡು ಸಲ ಚೆಂಡನ್ನು ಬಲೆಗೆ ಸೇರಿಸಿದರು: ಒಮ್ಮೆ ತಮ್ಮದೇ ಬಲೆಗೆ, ಒಮ್ಮೆ ಎದುರಾಳಿಯ ಬಲೆಗೆ. ಫ್ರಾನ್ಸ್ 4–2ರಿಂದ ಗೆದ್ದು ವಿಶ್ವ ಚಾಂಪಿಯನ್ ಆಯಿತು.

ಜಿರೂ ಅಲ್ಲಿ ಮಾಡುತ್ತಿದ್ದ ಕೆಲಸ ಅಂಕಪಟ್ಟಿಗೆ ಸಿಗುವಂಥದ್ದಲ್ಲ. ಎದುರಾಳಿಯ ಇಬ್ಬರು ಸ್ಟಾಪರ್‌ಗಳನ್ನು (ರಕ್ಷಣಾ ಸಾಲಿನ ನಡುವೆ ನಿಲ್ಲುವವರನ್ನು) ಮೈಮೇಲೆ ಎಳೆದುಕೊಂಡು ನಿಲ್ಲುವುದು, ಎತ್ತರದಲ್ಲಿ ಬಂದ ಚೆಂಡನ್ನು ತಲೆಯಿಂದ ಪಕ್ಕಕ್ಕೆ ಇಳಿಸುವುದು, ಕಾರ್ನರ್ ಬಂದಾಗ ಹಿಂದೆ ಓಡಿ ತಮ್ಮ ಗೋಲು ಕಾಯುವುದು. ಹಾಗೆ ತೆರವಾದ ಜಾಗದಲ್ಲಿ ಎಂಬಾಪೆ ಓಡಿದರು, ಗ್ರೀಜ್‌ಮನ್ ಆಡಿದರು. ಗೋಲುಗಳ ಲೆಕ್ಕ ಹಿಡಿದು ತಂಡ ಆರಿಸುವವರಾಗಿದ್ದರೆ ಜಿರೂ ಅವರನ್ನು ಮೂರನೇ ಪಂದ್ಯಕ್ಕೇ ಬೆಂಚಿಗೆ ಕಳುಹಿಸುತ್ತಿದ್ದರು. ಕೋಚ್ ದಿದಿಯೆ ದೆಶಾಂ ಕಳುಹಿಸಲಿಲ್ಲ.

ಪ್ರತಿ ದೊಡ್ಡ ಟೂರ್ನಿಗೆ ಮೊದಲು ನಡೆಯುವ ಈ ತೂಗಾಟ ಎಲ್ಲರಿಗೂ ಪರಿಚಿತ. ಗೋಲ್‌ಕೀಪರ್‌ಗೆ ಗೋಲ್‌ಕೀಪರ್, ನಾಯಕನಿಗೆ ನಾಯಕ, ಕೊನೆಗೆ ‘ಕಾಗದದ ಮೇಲೆ ಈ ತಂಡವೇ ಬಲಿಷ್ಠ’ ಎಂಬ ತೀರ್ಪು. ನಾನೂ ಈ ಆಟ ಆಡುತ್ತೇನೆ, ಬಿಡಲಾಗುವುದಿಲ್ಲ. ಆದರೆ ಇಷ್ಟು ವರ್ಷ ತಪ್ಪು ಲೆಕ್ಕ ಹಾಕಿದ ಮೇಲೆ ನನಗೆ ಅನಿಸಿರುವುದು ಇಷ್ಟು: ರಾಷ್ಟ್ರೀಯ ತಂಡವೊಂದರ ಬಲವನ್ನು ಅದರ ಅತ್ಯುತ್ತಮ ಆಟಗಾರನಿಂದ ಅಳೆಯುವುದಕ್ಕಿಂತ ಅದರ ಅತಿ ದುರ್ಬಲ ಜಾಗದಿಂದ ಅಳೆದರೆ ಲೆಕ್ಕ ಹೆಚ್ಚು ಸರಿಹೋಗುತ್ತದೆ.

ಇದಕ್ಕೆ ಕಾರಣ ಸರಳ. ಕ್ಲಬ್‌ಗೆ ಎಡಬದಿಯ ಡಿಫೆಂಡರ್ ಬೇಕೆಂದರೆ ಹಣ ಕೊಟ್ಟು ತರುತ್ತದೆ. ದೇಶಕ್ಕೆ ಆ ಅನುಕೂಲವಿಲ್ಲ. ಒಂದು ಪೀಳಿಗೆಯಲ್ಲಿ ಮೂವರು ಅಪ್ರತಿಮ ಮಿಡ್‌ಫೀಲ್ಡರ್‌ಗಳು ಹುಟ್ಟಿ, ಎಡಗಾಲಿನವನು ಒಬ್ಬನೂ ಹುಟ್ಟದಿದ್ದರೆ ಇರುವುದರಲ್ಲೇ ಸಂಸಾರ ತೂಗಿಸಬೇಕು. ಎಡಗಾಲಿನ ಆಟಗಾರರು ಎಲ್ಲ ದೇಶಗಳಲ್ಲೂ ಕಡಿಮೆಯೇ. ಹಾಗಾಗಿ ತಂಡ ಪ್ರಕಟವಾದ ಕೂಡಲೇ ನನ್ನ ಕಣ್ಣು ಮೊದಲು ಹೋಗುವುದು ಎಡಬದಿಯ ಡಿಫೆಂಡರ್ ಯಾರು ಎಂಬಲ್ಲಿಗೆ. ಆ ಜಾಗವನ್ನು ಕೋಚ್ ಹೇಗೆ ತುಂಬಿದ್ದಾರೆ ಎಂಬುದು ಅವರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದರ ಅರ್ಧ ಕಥೆ ಹೇಳುತ್ತದೆ.

2014ರ ಜರ್ಮನಿಯನ್ನೇ ನೋಡಿ. ಆ ತಂಡಕ್ಕೆ ಎಡಬದಿಗೆ ಹೇಳಿ ಮಾಡಿಸಿದ ಆಟಗಾರ ಇರಲಿಲ್ಲ. ಕೋಚ್ ಯೋವಾಕಿಂ ಲೂವ್ ಬಲಗಾಲಿನ ಸ್ಟಾಪರ್ ಬೆನೆಡಿಕ್ಟ್ ಹೊವೆಡೆಸ್ ಅವರನ್ನು ಅಲ್ಲಿ ನಿಲ್ಲಿಸಿ, ಏಳು ಪಂದ್ಯಗಳಲ್ಲೂ ಅವರನ್ನೇ ಆಡಿಸಿದರು. ಹೊವೆಡೆಸ್ ಮುಂದೆ ನುಗ್ಗಿ ಕ್ರಾಸ್ ಹಾಕುವವರಲ್ಲ. ಆ ಬದಿಯಿಂದ ದಾಳಿ ಕಡಿಮೆಯಾಯಿತು, ಆದರೆ ಕನ್ನವೂ ಬೀಳಲಿಲ್ಲ. ಕೊರತೆಯನ್ನು ಒಪ್ಪಿಕೊಂಡು ಮುಚ್ಚಿದ ತಂಡ ಅದು.

ಒಪ್ಪಿಕೊಳ್ಳದ ತಂಡ ಬೇಕೆಂದರೆ ಈ ಶತಮಾನದ ಮೊದಲ ದಶಕದ ಇಂಗ್ಲೆಂಡ್ ಇದೆ. ಸ್ಟೀವನ್ ಜೆರಾರ್ಡ್, ಫ್ರಾಂಕ್ ಲ್ಯಾಂಪಾರ್ಡ್, ಪಾಲ್ ಸ್ಕೋಲ್ಸ್, ಡೇವಿಡ್ ಬೆಕಮ್: ಒಂದೇ ಮಿಡ್‌ಫೀಲ್ಡ್‌ನಲ್ಲಿ ನಾಲ್ವರು ಅತಿರಥ ಮಹಾರಥರು. ಅವರ ಪೈಕಿ ಎಡಬದಿಯ ಆಟಗಾರ ಒಬ್ಬರೂ ಇರಲಿಲ್ಲ. 2004ರ ಯೂರೊ ಕಪ್‌ನಲ್ಲಿ ಸ್ಕೋಲ್ಸ್ ಅವರನ್ನು ಎಡಕ್ಕೆ ತಳ್ಳಲಾಯಿತು. ಟೂರ್ನಿ ಮುಗಿದ ಮೇಲೆ, ಇನ್ನೂ ಮೂವತ್ತು ತುಂಬುವ ಮುನ್ನವೇ, ಅವರು ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಜೆರಾರ್ಡ್, ಲ್ಯಾಂಪಾರ್ಡ್ ಇಬ್ಬರೂ ತಂತಮ್ಮ ಕ್ಲಬ್‌ಗಳಲ್ಲಿ ಹಿಂದಿನಿಂದ ಓಡಿ ಬಂದು ಗೋಲು ಹೊಡೆಯುವವರು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದಾಗ ಯಾರು ಮುಂದೆ ಹೋಗಬೇಕು, ಯಾರು ಹಿಂದೆ ಉಳಿಯಬೇಕು ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. 2004ರ ಯೂರೊದಲ್ಲಿ ಪೋರ್ಚುಗಲ್ ವಿರುದ್ಧ ಕ್ವಾರ್ಟರ್‌ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋಲು. 2006ರ ವಿಶ್ವಕಪ್‌ನಲ್ಲಿ ಅದೇ ಪೋರ್ಚುಗಲ್, ಅದೇ ಹಂತ, ಅದೇ ಪೆನಾಲ್ಟಿ. 2007ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲೇ ಕ್ರೊವೇಷ್ಯಾ ಎದುರು 3–2ರಿಂದ ಸೋತು 2008ರ ಯೂರೊ ಕಪ್‌ಗೆ ಅರ್ಹತೆಯನ್ನೇ ಕಳೆದುಕೊಂಡಿತು. ಎತ್ತು ಏರಿಗೆ, ಕೋಣ ನೀರಿಗೆ ಎಂದರೆ ಇದೇ. ಎರಡೂ ಬಲವಾದ ಪ್ರಾಣಿಗಳೇ ಎಂಬುದು ಬಂಡಿಗೆ ಉಪಯೋಗಕ್ಕೆ ಬರಲಿಲ್ಲ.

ಒಬ್ಬನೇ ತಾರೆಯ ಮೇಲೆ ನಿಂತ ತಂಡಗಳ ಪಾಡು ಇನ್ನೂ ಕಷ್ಟ. 1995ರಲ್ಲಿ ಜಗತ್ತಿನ ಶ್ರೇಷ್ಠ ಆಟಗಾರ ಎನಿಸಿಕೊಂಡ ಜಾರ್ಜ್ ವಿಯಾ ಅವರ ಲೈಬೀರಿಯಾ ಒಮ್ಮೆಯೂ ವಿಶ್ವಕಪ್ ಆಡಿಲ್ಲ. ಮೊಹಮ್ಮದ್ ಸಲಾ ಅವರ ಈಜಿಪ್ಟ್ 2018ರಲ್ಲಿ ಮೂರಕ್ಕೆ ಮೂರೂ ಪಂದ್ಯ ಸೋತಿತು. ಅದೇ ವಿಶ್ವಕಪ್‌ನಲ್ಲಿ ಝ್ಲಾಟನ್ ಇಬ್ರಾಹಿಮೊವಿಚ್ ಇಲ್ಲದ ಸ್ವೀಡನ್ ಕ್ವಾರ್ಟರ್‌ಫೈನಲ್ ತಲುಪಿತು. ಎರ್ಲಿಂಗ್ ಹಾಲಂಡ್ ನಾರ್ವೆ ಪರ ಆಡತೊಡಗಿದ್ದು 2019ರಲ್ಲಿ. ಆಮೇಲಿನ ಎರಡು ಯೂರೊ ಕಪ್, ಒಂದು ವಿಶ್ವಕಪ್ ಅವರು ನೋಡಿದ್ದು ಟಿ.ವಿ.ಯಲ್ಲೇ. 2026ರ ಅರ್ಹತಾ ಸುತ್ತಿನಲ್ಲಿ ಮಾತ್ರ ನಾರ್ವೆ ಎಂಟಕ್ಕೆ ಎಂಟೂ ಪಂದ್ಯ ಗೆದ್ದು, ಕೊನೆಯದರಲ್ಲಿ ಇಟಲಿಯನ್ನು ಅದರ ನೆಲದಲ್ಲೇ 4–1ರಿಂದ ಬಗ್ಗುಬಡಿಯಿತು. ಆ ಸುತ್ತಿನಲ್ಲಿ ಹಾಲಂಡ್ 16 ಗೋಲು ಹೊಡೆದರು ನಿಜ. ಆದರೆ ಹಿಂದಿನ ಆರು ವರ್ಷವೂ ಗೋಲು ಹೊಡೆಯುವ ಹಾಲಂಡ್ ಇದ್ದೇ ಇದ್ದರಲ್ಲ? ಈ ನಡುವೆ ಬದಲಾದದ್ದು ಅವರ ಸುತ್ತ ಆಡುವವರು.

ರ‍್ಯಾಂಕಿಂಗ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹೆಸರುಗಳ ತೂಗಾಟ ಬೇಡವೆನ್ನುವವರು ರ‍್ಯಾಂಕಿಂಗ್ ಪಟ್ಟಿಯನ್ನು ಮುಂದಿಡುತ್ತಾರೆ. ಫಿಫಾ 2018ರಿಂದ ಬಳಸುತ್ತಿರುವ ಪದ್ಧತಿ ಚೆಸ್ ಆಟಗಾರರ ರೇಟಿಂಗ್‌ನಂತೆ ಕೆಲಸ ಮಾಡುತ್ತದೆ. ಪ್ರತಿ ಪಂದ್ಯಕ್ಕೂ ಮೊದಲು ಎರಡು ತಂಡಗಳ ಅಂಕಗಳ ವ್ಯತ್ಯಾಸದಿಂದ ಒಂದು ‘ನಿರೀಕ್ಷಿತ ಫಲಿತಾಂಶ’ ಲೆಕ್ಕವಾಗುತ್ತದೆ. ಗೆಲುವಿಗೆ ಒಂದು, ಡ್ರಾಗೆ ಅರ್ಧ, ಸೋಲಿಗೆ ಸೊನ್ನೆ. ನಿರೀಕ್ಷೆಗಿಂತ ಹೆಚ್ಚು ಸಾಧಿಸಿದರೆ ಅಂಕ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಎಷ್ಟು ಏರಬೇಕು ಎಂಬುದು ಪಂದ್ಯದ ಮಹತ್ವವನ್ನು ಅವಲಂಬಿಸಿದೆ: ಸೌಹಾರ್ದ ಪಂದ್ಯಕ್ಕೆ 5 ಅಥವಾ 10ರ ತೂಕ, ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಿಂದ ಮುಂದಕ್ಕೆ 60.

ಸೂತ್ರದಲ್ಲಿ ಅಂಕಿಗಳನ್ನು ಹಾಕಿ ನೋಡಿ. ನೂರು ಅಂಕಗಳ ಅಂತರವಿದ್ದರೆ ಬಲಿಷ್ಠ ತಂಡದ ನಿರೀಕ್ಷೆ ಸುಮಾರು 0.59. ಇನ್ನೂರರ ಅಂತರಕ್ಕೆ 0.68. ಮುನ್ನೂರಕ್ಕೆ 0.76. ಅಂದರೆ ಆಕಾಶಕ್ಕೂ ಭೂಮಿಗೂ ಇರುವಷ್ಟು ಅಂತರ ಎಂದು ನಾವು ಅಂದುಕೊಂಡ ಕಡೆಯೂ ದುರ್ಬಲ ತಂಡದ ಪಾಲಿಗೆ ಕಾಲು ಭಾಗ ಉಳಿದಿದೆ ಎಂದು ರ‍್ಯಾಂಕಿಂಗ್ ತಾನೇ ಹೇಳುತ್ತಿದೆ. 2022ರಲ್ಲಿ ಮೂರನೇ ಸ್ಥಾನದ ಅರ್ಜೆಂಟೀನಾವನ್ನು 51ನೇ ಸ್ಥಾನದ ಸೌದಿ ಅರೇಬಿಯಾ 2–1ರಿಂದ ಸೋಲಿಸಿದಾಗ ಜಗತ್ತು ಹುಬ್ಬೇರಿಸಿತು. ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ (ಚೆಂಡು ಪಾಸ್ ಆಗುವ ಮೊದಲೇ ಎದುರಾಳಿಯ ರಕ್ಷಣಾ ಸಾಲನ್ನು ದಾಟಿ ನಿಂತದ್ದು) ಎಂದು ರದ್ದಾಗಿದ್ದವು. ಸೌದಿ ರಕ್ಷಣಾ ಸಾಲು ಮೈದಾನದ ಮಧ್ಯದವರೆಗೂ ಏರಿ ನಿಂತು ಬೇಕೆಂದೇ ಅಪಾಯ ಮೈಮೇಲೆ ಎಳೆದುಕೊಂಡಿತ್ತು. ಆ ಗೆರೆ ಒಂದೆರಡು ಅಡಿ ಹಿಂದಿದ್ದಿದ್ದರೆ ಪಂದ್ಯ ವಿರಾಮದ ಹೊತ್ತಿಗೇ ಮುಗಿದುಹೋಗುತ್ತಿತ್ತು.

ಫುಟ್‌ಬಾಲ್‌ನಲ್ಲಿ ಇಂಥದ್ದು ನಡೆಯುವುದಕ್ಕೆ ಆಟದ ಸ್ವಭಾವವೇ ಕಾರಣ. 2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಿದ್ದ ಗೋಲುಗಳು 172, ಪಂದ್ಯಕ್ಕೆ ಮೂರೂ ಇಲ್ಲ. ಇಷ್ಟು ಕಡಿಮೆ ಗೋಲುಗಳ ಆಟದಲ್ಲಿ ಒಂದು ತಪ್ಪು, ಒಂದು ಕಾರ್ನರ್, ಕಂಬಕ್ಕೆ ತಾಗಿ ಒಳಗೋ ಹೊರಗೋ ಹೋಗುವ ಒಂದು ಚೆಂಡು ಇಡೀ ಲೆಕ್ಕಾಚಾರವನ್ನು ಬುಡಮೇಲು ಮಾಡುತ್ತದೆ. ಆ ಟೂರ್ನಿಯಲ್ಲಿ ಐದು ನಾಕೌಟ್ ಪಂದ್ಯಗಳು ಪೆನಾಲ್ಟಿ ಶೂಟೌಟ್‌ಗೆ ಹೋದವು, ಫೈನಲ್ ಕೂಡ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಾಗಲ್ಲ. ಪ್ರತಿ ತಂಡಕ್ಕೂ ಪಂದ್ಯದಲ್ಲಿ ಎಪ್ಪತ್ತರ ಆಸುಪಾಸು ಅವಕಾಶಗಳು ಸಿಗುತ್ತವೆ, ಅಂಕಣದಲ್ಲಿರುವವರು ಐವರೇ. ಅದೃಷ್ಟ ಎರಡು ಬಾರಿ ಕೈಕೊಟ್ಟರೂ ತುಂಬಿಕೊಳ್ಳಲು ಹೊತ್ತಿದೆ, ಒಬ್ಬ ಅಸಾಧಾರಣ ಆಟಗಾರ ಬಹುಪಾಲು ಹೊತ್ತು ಚೆಂಡನ್ನು ಕೈಯಲ್ಲಿಟ್ಟುಕೊಂಡು ಆಟ ನಡೆಸಬಲ್ಲ. ಅಲ್ಲಿ ಹೆಸರುಗಳ ತೂಗಾಟ ಫುಟ್‌ಬಾಲ್‌ಗಿಂತ ಚೆನ್ನಾಗಿಯೇ ಫಲಿಸುತ್ತದೆ.

ಹಾಗಿದ್ದೂ 2004ರ ಅಥೆನ್ಸ್ ಒಲಿಂಪಿಕ್ಸ್ ಇದೆ. ಟಿಮ್ ಡಂಕನ್, ಅಲೆನ್ ಐವರ್ಸನ್, ಇನ್ನೂ ಹುಡುಗನಾಗಿದ್ದ ಲೆಬ್ರಾನ್ ಜೇಮ್ಸ್ ಇದ್ದ ಅಮೆರಿಕ ತಂಡ ಮೊದಲ ಪಂದ್ಯದಲ್ಲೇ ಪೋರ್ಟೊರಿಕೊಗೆ 92–73ರಿಂದ ಶರಣಾಯಿತು. ಸೆಮಿಫೈನಲ್‌ನಲ್ಲಿ ಮನು ಜಿನೊಬಿಲಿ ಅವರ ಅರ್ಜೆಂಟೀನಾ 89–81ರಿಂದ ಅದನ್ನು ಮಣಿಸಿ, ಕೊನೆಗೆ ಚಿನ್ನವನ್ನೂ ಗೆದ್ದಿತು. ಅರ್ಜೆಂಟೀನಾದವರು ವರ್ಷಗಳಿಂದ ಒಟ್ಟಿಗೆ ಆಡಿ ಪಳಗಿದವರು. ಅಮೆರಿಕದವರು ಬೇಸಿಗೆಯಲ್ಲಿ ಕೆಲವು ವಾರ ಜೊತೆಗಿದ್ದವರು.

ಇನ್ನೊಂದು ಲೆಕ್ಕವನ್ನು ಬಹಳ ಮಂದಿ ಮಾಡುವುದೇ ಇಲ್ಲ. ಒಂದು ತಂಡ ಎಷ್ಟು ಬಲಿಷ್ಠವೆಂದರೆ ಯಾವ ಎದುರಾಳಿ ಬಂದರೂ ನಾಕೌಟ್ ಪಂದ್ಯ ಗೆಲ್ಲುವ ಸಾಧ್ಯತೆ ಶೇ 75 ಎಂದಿಟ್ಟುಕೊಳ್ಳಿ. ನಿಜ ಜೀವನದಲ್ಲಿ ಅಂಥ ತಂಡ ಅಪರೂಪ. ಅದು ನಾಲ್ಕು ನಾಕೌಟ್ ಪಂದ್ಯ ಸತತವಾಗಿ ಗೆಲ್ಲುವ ಸಾಧ್ಯತೆ ಶೇ 32. ವಿಶ್ವಕಪ್ 2026ರಿಂದ 48 ತಂಡಗಳದ್ದಾಗಿದೆ. 12 ಗುಂಪುಗಳು, 104 ಪಂದ್ಯಗಳು. ಗುಂಪು ಹಂತ ದಾಟಿದ 32 ತಂಡಗಳು ನಾಕೌಟ್‌ಗೆ ಬರುತ್ತವೆ. ಅಂದರೆ ಕಪ್ ಎತ್ತಲು ನಾಲ್ಕರ ಬದಲು ಐದು ನಾಕೌಟ್ ಪಂದ್ಯ ಗೆಲ್ಲಬೇಕು. ಅದೇ ತಂಡದ ಸಾಧ್ಯತೆ ಈಗ ಶೇ 24ಕ್ಕೆ ಇಳಿಯಿತು. ತಂಡಗಳ ಸಂಖ್ಯೆ ಹೆಚ್ಚಿದ್ದರಿಂದ ದೊಡ್ಡವರ ದಾರಿ ಸಲೀಸಾಯಿತು ಎನ್ನುವವರಿದ್ದಾರೆ. ಗುಂಪು ಹಂತದ ಮಟ್ಟಿಗೆ ಅದು ಸರಿ, ಎಂಟು ಮೂರನೇ ಸ್ಥಾನದ ತಂಡಗಳಿಗೂ ಮುಂದಕ್ಕೆ ಅವಕಾಶವಿದೆ. ಆಮೇಲಿನ ದಾರಿ ಉದ್ದವಾಗಿದೆ. ಎಲ್ಲರಿಗಿಂತ ಉತ್ತಮ ತಂಡವೂ ನಾಲ್ಕರಲ್ಲಿ ಮೂರು ಸಲ ಬರಿಗೈಯಲ್ಲಿ ಮರಳುವ ಸ್ಪರ್ಧೆ ಅದು.

ಕ್ರಿಕೆಟ್ ನೋಡುವವರಿಗೆ ಇದನ್ನು ವಿವರಿಸಬೇಕಿಲ್ಲ. 2023ರ ವಿಶ್ವಕಪ್‌ನಲ್ಲಿ ಭಾರತ ಸತತ ಹತ್ತು ಪಂದ್ಯ ಗೆದ್ದು ಹನ್ನೊಂದನೆಯದರಲ್ಲಿ ಎಡವಿತು. ಆ ಒಂದೂವರೆ ತಿಂಗಳಲ್ಲಿ ಅದೇ ಅತ್ಯುತ್ತಮ ತಂಡ ಎನ್ನುವುದಕ್ಕೂ, ಕಪ್ ಆಸ್ಟ್ರೇಲಿಯಾಕ್ಕೆ ನ್ಯಾಯವಾಗಿಯೇ ಸಂದಿತು ಎನ್ನುವುದಕ್ಕೂ ವಿರೋಧವಿಲ್ಲ. ಅದೇ ವರ್ಷದ ರಗ್ಬಿ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ಕ್ವಾರ್ಟರ್‌ಫೈನಲ್ ಅನ್ನು 29–28, ಸೆಮಿಫೈನಲ್ ಅನ್ನು 16–15, ಫೈನಲ್ ಅನ್ನು 12–11ರಿಂದ ಗೆದ್ದಿತು. ಮೂರು ಪಂದ್ಯ, ಮೂರು ಅಂಕ. ಇದನ್ನು ಪ್ರತಿಭೆ ಎನ್ನಬೇಕೋ, ಎದೆಗಾರಿಕೆ ಎನ್ನಬೇಕೋ, ಅದೃಷ್ಟ ಎನ್ನಬೇಕೋ? ಮೂರೂ ಇರಬಹುದು. ಆದರೆ ಟೂರ್ನಿಗೆ ಮೊದಲು ಹಾಕಿದ ಯಾವ ಪಟ್ಟಿಯೂ ಇಂಥ ಒಂದು ಅಂಕವನ್ನು ಎಣಿಸಿರಲಾರದು.

ಬೆಂಚು, ವಯಸ್ಸು, ಸಮಯ

ದಾರಿ ಉದ್ದವಾದಷ್ಟೂ ಬೆಂಚಿನ ಬೆಲೆ ಏರುತ್ತದೆ. 2014ರ ಸೆಮಿಫೈನಲ್‌ಗೆ ಬ್ರೆಜಿಲ್ ಇಳಿದದ್ದು ಗಾಯಗೊಂಡ ನೇಮರ್, ಅಮಾನತಾಗಿದ್ದ ತಿಯಾಗೊ ಸಿಲ್ವಾ ಇಬ್ಬರೂ ಇಲ್ಲದೆ. ಬೆಲೊ ಹೊರಿಜಾಂಟೆಯಲ್ಲಿ ಜರ್ಮನಿ ಏಳು ಗೋಲು ಬಾರಿಸಿತು. ಎಂಟು ವರ್ಷಗಳ ಬಳಿಕ ಫ್ರಾನ್ಸ್ ಪೊಗ್ಬಾ, ಕಾಂಟೆ, ಬೆಂಜೆಮಾ ಮೂವರನ್ನೂ ಗಾಯದಿಂದ ಕಳೆದುಕೊಂಡು ಕತಾರ್‌ನಲ್ಲಿ ಆಡಿತು. ಬೆಂಜೆಮಾ ಆಗಷ್ಟೇ ವಿಶ್ವದ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದಿದ್ದವರು. ಆ ತಂಡ ಫೈನಲ್ ತಲುಪಿ, 3–3ರ ಸಮಬಲದ ನಂತರ ಪೆನಾಲ್ಟಿಯಲ್ಲಷ್ಟೇ ಸೋತಿತು. ಈ ಎರಡು ತಂಡಗಳ ನಡುವಿನ ಅಂತರ ಮೊದಲ ಹನ್ನೊಂದು ಹೆಸರುಗಳಲ್ಲಿ ಕಾಣುವುದಿಲ್ಲ. ಅದನ್ನು ಹದಿನೈದನೆಯ, ಹದಿನೆಂಟನೆಯ ಹೆಸರಿನಲ್ಲಿ ಹುಡುಕಬೇಕು. ಈಗ ಐದು ಬದಲಿ ಆಟಗಾರರನ್ನು ಇಳಿಸಬಹುದಾದ ಕಾರಣ ಇದರ ಮಹತ್ವ ಇನ್ನೂ ಹೆಚ್ಚು.

ಆಟಗಾರರ ಮಾರುಕಟ್ಟೆ ಬೆಲೆಯನ್ನು ಕೂಡಿಸಿ ತಂಡದ ಬಲ ಹೇಳುವ ರೂಢಿಯೂ ಬಂದಿದೆ. ಅದರಲ್ಲೊಂದು ಮೋಸವಿದೆ. ಕ್ಲಬ್ ಹಣ ಕೊಡುವುದು ಆಟಗಾರನ ಮುಂದಿನ ಐದಾರು ವರ್ಷಕ್ಕೆ. ವಿಶ್ವಕಪ್ ಕೇಳುವುದು ಮುಂದಿನ ಐದಾರು ವಾರವನ್ನು. 2022ರಲ್ಲಿ 37 ವರ್ಷದ ಲೂಕಾ ಮೊಡ್ರಿಚ್‌ಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಬರುವಂತಿರಲಿಲ್ಲ. ಅವರು ಸುಮಾರು 39 ಲಕ್ಷ ಜನರ ಕ್ರೊವೇಷ್ಯಾವನ್ನು ಮೂರನೇ ಸ್ಥಾನಕ್ಕೆ ಕೊಂಡೊಯ್ದು, ಟೂರ್ನಿಯ ಮೂರನೇ ಅತ್ಯುತ್ತಮ ಆಟಗಾರ ಎನಿಸಿಕೊಂಡರು.

ವಯಸ್ಸು ಎಲ್ಲ ಜಾಗದಲ್ಲೂ ಅಷ್ಟು ಕರುಣೆ ತೋರುವುದಿಲ್ಲ. 2018ರಲ್ಲಿ ಮೂರನೇ ಸ್ಥಾನ ಗಳಿಸಿ, ಆಮೇಲೆ ವರ್ಷಗಟ್ಟಲೆ ರ‍್ಯಾಂಕಿಂಗ್‌ನ ತುದಿಯಲ್ಲಿ ಕುಳಿತಿದ್ದ ಬೆಲ್ಜಿಯಂ 2022ಕ್ಕೆ ಎರಡನೇ ಸ್ಥಾನದ ತಂಡವಾಗಿ ಬಂದು ಗುಂಪು ಹಂತದಲ್ಲೇ ಹೊರಬಿತ್ತು. ರಕ್ಷಣಾ ಸಾಲಿನಲ್ಲಿ ಯಾನ್ ವೆರ್ಟೊಂಗೆನ್‌ಗೆ 35, ಟೋಬಿ ಆಲ್ಡರ್ವೆರೆಲ್ಡ್‌ಗೆ 33. ತಂಡಕ್ಕೆ ವಯಸ್ಸಾಗಿದೆ ಎಂದು ಕೆವಿನ್ ಡಿ ಬ್ರೂಯ್ನ ಅವರೇ ಬಾಯಿಬಿಟ್ಟು ಹೇಳಿದ್ದರು. ರ‍್ಯಾಂಕಿಂಗ್‌ಗೆ ಅದು ಗೊತ್ತಾಗಲಿಲ್ಲ, ಏಕೆಂದರೆ ಅದು ಹಿಂದಕ್ಕೆ ತಿರುಗಿ ನೋಡುವ ಕನ್ನಡಿ.

ಮುಂದಕ್ಕೆ ನೋಡಬೇಕೆನ್ನುವವರು ಕಿರಿಯರ ಟೂರ್ನಿಗಳತ್ತ ಕಣ್ಣು ಹಾಯಿಸುತ್ತಾರೆ. ಅಲ್ಲಿಯೂ ಜಾಗ್ರತೆ ಬೇಕು. 17 ವರ್ಷದೊಳಗಿನವರ ವಿಶ್ವಕಪ್ಪನ್ನು ನೈಜೀರಿಯಾ ಐದು ಸಲ ಗೆದ್ದಿದೆ. ಹಿರಿಯರ ತಂಡ ಒಮ್ಮೆಯೂ ವಿಶ್ವಕಪ್ ಕ್ವಾರ್ಟರ್‌ಫೈನಲ್ ಕಂಡಿಲ್ಲ. ಆದರೆ 2009ರಲ್ಲಿ 21 ವರ್ಷದೊಳಗಿನವರ ಯುರೋಪಿಯನ್ ಪ್ರಶಸ್ತಿ ಗೆದ್ದ ಜರ್ಮನಿಯ ತಂಡದ ನೊಯರ್, ಬೊಯಟೆಂಗ್, ಹುಮೆಲ್ಸ್, ಹೊವೆಡೆಸ್, ಒಜಿಲ್ ಐವರೂ ಐದು ವರ್ಷಗಳ ನಂತರ ವಿಶ್ವಕಪ್ ಫೈನಲ್‌ನ ಮೊದಲ ಹನ್ನೊಂದರಲ್ಲಿದ್ದರು. ನನ್ನ ಮಟ್ಟಿಗೆ ವ್ಯತ್ಯಾಸವಿರುವುದು ಹದಿನೇಳರ ನಂತರದ ನಾಲ್ಕೈದು ವರ್ಷಗಳಲ್ಲಿ. ಆ ಹುಡುಗ ಎಲ್ಲಿ, ಯಾರ ಕೆಳಗೆ, ವಾರಕ್ಕೆ ಎಷ್ಟು ನಿಮಿಷ ಆಡುತ್ತಾನೆ ಎಂಬುದರಲ್ಲಿ. 2000ದ ಯೂರೊ ಕಪ್‌ನಲ್ಲಿ ಗುಂಪಿನ ಕೊನೆಯ ಸ್ಥಾನಕ್ಕೆ ಜಾರಿ ಅವಮಾನ ಉಂಡ ಮೇಲೆ ಜರ್ಮನಿ ತನ್ನ ವೃತ್ತಿಪರ ಕ್ಲಬ್‌ಗಳಿಗೆಲ್ಲ ಯುವ ತರಬೇತಿ ಅಕಾಡೆಮಿ ಕಡ್ಡಾಯ ಮಾಡಿತ್ತು.

ಇನ್ನು ಸಮಯ. ಕ್ಲಬ್ ಕೋಚ್‌ಗೆ ಆಟಗಾರರು ದಿನವೂ ಸಿಗುತ್ತಾರೆ. ರಾಷ್ಟ್ರೀಯ ಕೋಚ್‌ಗೆ ವರ್ಷದಲ್ಲಿ ಕೆಲವು ವಾರ. ಆದ್ದರಿಂದಲೇ ಕ್ಲಬ್‌ನಿಂದ ಸಿದ್ಧವಾಗಿ ಬಂದ ಹೊಂದಾಣಿಕೆಗೆ ಚಿನ್ನದ ಬೆಲೆ. 2010ರ ಫೈನಲ್ ಆಡಿದ ಸ್ಪೇನ್‌ನ ಹನ್ನೊಂದರಲ್ಲಿ ಆರು ಮಂದಿ ಬಾರ್ಸಿಲೋನಾದವರು, ಮೂವರು ರಿಯಲ್ ಮ್ಯಾಡ್ರಿಡ್‌ನವರು. 2014ರ ಫೈನಲ್‌ನ ಜರ್ಮನಿಯಲ್ಲಿ ಆರು ಮಂದಿ ಬೇಯರ್ನ್ ಮ್ಯೂನಿಕ್‌ನವರು. ಅಷ್ಟು ಅನುಕೂಲವಿಲ್ಲದ ಕೋಚ್ ಬೇಗ ಕಲಿಸಬಹುದಾದದ್ದನ್ನು ಕಲಿಸುತ್ತಾರೆ, ಅಂದರೆ ರಕ್ಷಣೆ. 2004ರ ಯೂರೊ ಕಪ್‌ನಲ್ಲಿ ಒಟ್ಟೊ ರೆಹಾಗೆಲ್ ಅವರ ಗ್ರೀಸ್ ನಾಕೌಟ್‌ನ ಮೂರೂ ಪಂದ್ಯಗಳನ್ನು 1–0ಯಿಂದ ಗೆದ್ದು ಕಪ್ ಎತ್ತಿತು. ನೋಡಲು ಸಪ್ಪೆ ಆಟ ಎಂದು ಅಂದು ಬೈದವರಲ್ಲಿ ನಾನೂ ಒಬ್ಬ.

2022ರ ಮೊರಾಕ್ಕೊ ಅಷ್ಟು ಸಪ್ಪೆಯಾಗಿರಲಿಲ್ಲ. ವಾಲಿದ್ ರೆಗ್ರಾಗಿ ಕೋಚ್ ಆದದ್ದು ಟೂರ್ನಿಗೆ ಮೂರು ತಿಂಗಳಿಗೂ ಕಡಿಮೆ ಸಮಯ ಇದ್ದಾಗ. ಸೆಮಿಫೈನಲ್ ತಲುಪುವವರೆಗೆ ಆ ತಂಡ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದೂ ತನ್ನದೇ ಡಿಫೆಂಡರ್ ಕಾಲಿಗೆ ತಾಗಿ ಒಳಹೋದದ್ದು. ಬೆಲ್ಜಿಯಂ, ಸ್ಪೇನ್, ಪೋರ್ಚುಗಲ್ ಸಾಲಾಗಿ ಅದಕ್ಕೆ ತಲೆಬಾಗಿದವು. ವಿಶ್ವಕಪ್ ಸೆಮಿಫೈನಲ್ ಆಡಿದ ಮೊದಲ ಆಫ್ರಿಕಾ ದೇಶ ಅದು. 26 ಆಟಗಾರರ ಪೈಕಿ 14 ಮಂದಿ ಹುಟ್ಟಿದ್ದು ಮೊರಾಕ್ಕೊದ ಹೊರಗೆ: ಅಶ್ರಫ್ ಹಕೀಮಿ ಮ್ಯಾಡ್ರಿಡ್‌ನಲ್ಲಿ, ಹಕೀಮ್ ಝಿಯೆಶ್ ನೆದರ್ಲೆಂಡ್ಸ್‌ನಲ್ಲಿ, ಗೋಲ್‌ಕೀಪರ್ ಯಾಸಿನ್ ಬೋನೊ ಮಾಂಟ್ರಿಯಲ್‌ನಲ್ಲಿ.

ದೇಶ ಆಟಗಾರನನ್ನು ಕೊಳ್ಳಲಾಗದು ಎಂದು ಮೇಲೆ ಬರೆದೆ. ಹುಡುಕಬಹುದು ಎಂಬ ತಿದ್ದುಪಡಿ ಇಲ್ಲಿ ಬೇಕು. ವಲಸೆ ಹೋದವರ ಮಕ್ಕಳು, ಮೊಮ್ಮಕ್ಕಳು ಎಲ್ಲೆಲ್ಲಿ ಆಡುತ್ತಿದ್ದಾರೆ ಎಂದು ಪಟ್ಟಿ ಮಾಡಿಟ್ಟುಕೊಂಡ ಸಣ್ಣ ದೇಶಗಳು ದೊಡ್ಡ ದೇಶಗಳನ್ನು ದಾಟಿ ಮುಂದೆ ಹೋಗಿವೆ. 140 ಕೋಟಿ ಜನರ ಚೀನಾ ಈವರೆಗೆ ಆಡಿದ್ದು ಒಂದೇ ವಿಶ್ವಕಪ್. 2002ರಲ್ಲಿ ಮೂರು ಪಂದ್ಯ ಆಡಿ ಒಂದೂ ಗೋಲು ಹೊಡೆಯದೆ ಮರಳಿತು. ಭಾರತ ಇದುವರೆಗೆ ಅಲ್ಲಿ ಆಡಿಯೇ ಇಲ್ಲ. ಸುಮಾರು ಒಂದೂವರೆ ಲಕ್ಷ ಜನರ ಕುರಸಾವ್, ಬಹುತೇಕ ನೆದರ್ಲೆಂಡ್ಸ್‌ನಲ್ಲೇ ಹುಟ್ಟಿದ ಆಟಗಾರರನ್ನು ಕಟ್ಟಿಕೊಂಡು 2026ಕ್ಕೆ ಅರ್ಹತೆ ಗಳಿಸಿ, ವಿಶ್ವಕಪ್‌ಗೆ ಬಂದ ಅತಿ ಕಡಿಮೆ ಜನಸಂಖ್ಯೆಯ ದೇಶವಾಯಿತು. ಐದು ಲಕ್ಷ ಚಿಲ್ಲರೆ ಜನರ ದ್ವೀಪರಾಷ್ಟ್ರ ಕೇಪ್ ವರ್ಡೆ, ಕ್ಯಾಮರೂನ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು ಅದೇ ವಿಶ್ವಕಪ್‌ಗೆ ಟಿಕೆಟ್ ಪಡೆಯಿತು.

ಆ ಕೇಪ್ ವರ್ಡೆ ತಂಡದ ಸ್ಟಾಪರ್ ರಾಬರ್ಟೊ ಲೋಪೆಸ್ ಹುಟ್ಟಿ ಬೆಳೆದದ್ದು ಡಬ್ಲಿನ್‌ನಲ್ಲಿ; ತಂದೆ ಕೇಪ್ ವರ್ಡೆಯವರು. ಐರ್ಲೆಂಡ್‌ನ ದೇಶೀಯ ಲೀಗ್‌ನಲ್ಲಿ ಆಡಿಕೊಂಡಿದ್ದ ಅವರಿಗೆ ಒಂದು ದಿನ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಭಾಷೆಯ ಸಂದೇಶವೊಂದು ಬಂದಿತು. ಯಾವುದೋ ಜಾಹೀರಾತಿರಬೇಕೆಂದು ಅವರು ಅದನ್ನು ಓದಲೂ ಹೋಗಲಿಲ್ಲ. ತಿಂಗಳುಗಳು ಕಳೆದ ಮೇಲೆ ಅದೇ ವ್ಯಕ್ತಿಯಿಂದ ಮತ್ತೊಂದು ಸಂದೇಶ, ನನ್ನ ಪ್ರಸ್ತಾಪದ ಬಗ್ಗೆ ಯೋಚಿಸಿದಿರಾ ಎಂದು. ಈ ಸಲ ಹಳೆಯದನ್ನು ಅನುವಾದದ ಆ್ಯಪ್‌ಗೆ ಹಾಕಿ ನೋಡಿದರು. ಬರೆದವರು ಕೇಪ್ ವರ್ಡೆ ತಂಡದ ಕೋಚ್. ಲೋಪೆಸ್ ಕೂಡಲೇ ಕ್ಷಮೆ ಕೇಳಿ, ಬರುತ್ತೇನೆ ಎಂದು ಉತ್ತರ ಬರೆದರು.